ಒಡನಾಟ ಮತ್ತು ಹಕ್ಕೊತ್ತಾಯ: ಮಾನಸಿಕ ಆರೋಗ್ಯ ವ್ಯವಸ್ಥೆಯಲ್ಲಿ ಸಮಾನಾನುಭವಿಗಳ ಸ್ಥಾನ

ಪೀಠಿಕೆ

ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ ಚೇತರಿಕೆಯ ಹಾದಿ ಹಿಡಿದವರು ಅದೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ಆಸರೆಯಾಗುವುದನ್ನು ‘ಪೀರ್ ಸಪೋರ್ಟ್’ ಎನ್ನುತ್ತಾರೆ. ಹೀಗೆ ಆಸರೆಯಾಗುವವರನ್ನು ಈ ಲೇಖನದಲ್ಲಿ ಸಮಾನಾನುಭವಿಗಳು ಎಂದು ಕರೆದಿದೆ. ಅವರ ಕೆಲಸಕ್ಕೆ ಎರಡು ಮುಖಗಳಿವೆ: ಒಂದು ಒಡನಾಟ, ಇನ್ನೊಂದು ಹಕ್ಕೊತ್ತಾಯ. ಸರ್ಕಾರ ಮತ್ತು ಆಸ್ಪತ್ರೆಗಳು ಈ ಕೆಲಸವನ್ನು ಸೇವೆಯೆಂದು ಒಪ್ಪಿಕೊಂಡಾಗ ಒಡನಾಟ ಬೆಳೆಯುತ್ತದೆ. ಹಕ್ಕೊತ್ತಾಯಕ್ಕೆ ಪ್ರತ್ಯೇಕ ನೆಲೆ ಇಲ್ಲದಿದ್ದರೆ ಅದು ಸೊರಗುತ್ತದೆ. ಈ ವಾದವನ್ನು ಪಶ್ಚಿಮದ ಅನುಭವದ ಮೂಲಕ ಮಂಡಿಸಿ, ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಅನ್ವಯಿಸಿ ನೋಡುವುದು ಇಲ್ಲಿಯ ಉದ್ದೇಶ.

ಹಕ್ಕಿನ ದನಿಯಾಗಿ ಹುಟ್ಟಿದ್ದು

ಸಮಾನಾನುಭವಿಗಳ ಸಂಘಟನೆ ಆಸ್ಪತ್ರೆಯ ಯೋಜನೆಯಾಗಿ ಹುಟ್ಟಲಿಲ್ಲ, ಪ್ರತಿಭಟನೆಯಾಗಿ ಹುಟ್ಟಿತು. 1845ರಲ್ಲಿ ಲಂಡನ್ನಿನಲ್ಲಿ ‘ಅಲೆಜ್ಡ್ ಲೂನಟಿಕ್ಸ್ ಫ್ರೆಂಡ್ ಸೊಸೈಟಿ’ ಸ್ಥಾಪನೆಯಾಯಿತು. ಅದರ ಮುಂಚೂಣಿಯಲ್ಲಿದ್ದ ಜಾನ್ ಪರ್ಸಿವಲ್, ಹತ್ಯೆಗೊಳಗಾದ ಬ್ರಿಟನ್ ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಅವರ ಮಗ. 1830ರ ದಶಕದ ಆರಂಭದಲ್ಲಿ ಅವರನ್ನು ಖಾಸಗಿ ಹುಚ್ಚಾಸ್ಪತ್ರೆಗಳಲ್ಲಿ ಇರಿಸಲಾಗಿತ್ತು. ಅಲ್ಲಿ ತಮಗಾದದ್ದನ್ನು ಅವರು ಪುಸ್ತಕವಾಗಿ ಬರೆದರು. ರೋಗಿಯ ಮಾತಿಗೂ ಕಾನೂನು ಕಿವಿಗೊಡಬೇಕೆಂಬುದು ಅವರ ಸಂಘದ ಹೋರಾಟವಾಗಿತ್ತು.

1971ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಆರಂಭವಾದ ಮೆಂಟಲ್ ಪೇಷೆಂಟ್ಸ್ ಅಸೋಸಿಯೇಷನ್ ಈ ದನಿಗೆ ಒಡನಾಟವನ್ನೂ ಸೇರಿಸಿತು. ಯಾವಾಗ ಬೇಕಾದರೂ ಬಂದು ಕೂರಬಹುದಾದ ಕೇಂದ್ರ, ಒಟ್ಟಿಗೆ ವಾಸಿಸುವ ಮನೆಗಳು ಅಲ್ಲಿದ್ದವು. ತೀರ್ಮಾನಗಳು ಸದಸ್ಯರ ಸಭೆಯಲ್ಲಿ ಆಗುತ್ತಿದ್ದವು. ಅದೇ ವರ್ಷ ನ್ಯೂಯಾರ್ಕಿನಲ್ಲಿ ರೋಗಿಗಳ ವಿಮೋಚನಾ ಗುಂಪನ್ನು ಸೇರಿದ ಜೂಡಿ ಚೇಂಬರ್ಲಿನ್, 1978ರಲ್ಲಿ ‘ಆನ್ ಅವರ್ ಓನ್’ ಪ್ರಕಟಿಸಿದರು. ಅವರು 1966ರಲ್ಲಿ ಗರ್ಭಸ್ರಾವದ ನಂತರದ ಖಿನ್ನತೆಯಿಂದ ಆಸ್ಪತ್ರೆ ಸೇರಿ, ಇಷ್ಟವಿಲ್ಲದೆಯೂ ಅಲ್ಲಿ ಉಳಿಯಬೇಕಾಗಿ ಬಂದವರು. ರೋಗಿಗಳೇ ಆಡಳಿತ ನಡೆಸುವ ಕೇಂದ್ರಗಳು ಆಸ್ಪತ್ರೆಗೆ ಪರ್ಯಾಯವಾಗಬಲ್ಲವು ಎಂಬುದು ಆ ಕೃತಿಯ ತಿರುಳು.

ಸೇವೆಯಾಗಿ ಬದಲಾದದ್ದು

1999ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯ, ಬಡವರ ಆರೋಗ್ಯ ವಿಮೆಯಾದ ಮೆಡಿಕೆಯ್ಡ್‌ನಿಂದ ಪೀರ್ ಸಪೋರ್ಟ್‌ಗೆ ಹಣ ಸಿಗುವ ವ್ಯವಸ್ಥೆ ಮಾಡಿತು. 2007ರ ಆಗಸ್ಟ್‌ನಲ್ಲಿ ಕೇಂದ್ರದ ಮೆಡಿಕೆಯ್ಡ್ ಆಡಳಿತವು ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಈ ಸೇವೆಯನ್ನು ಮಾನ್ಯ ಮಾಡಿತು. ತರಬೇತಿ ಮತ್ತು ಪ್ರಮಾಣಪತ್ರ, ಮೇಲ್ವಿಚಾರಣೆ, ಚಿಕಿತ್ಸಾ ಯೋಜನೆಯೊಂದಿಗೆ ಹೊಂದಾಣಿಕೆ ಎಂಬ ಷರತ್ತುಗಳನ್ನೂ ವಿಧಿಸಿತು.

ಇದರಿಂದಾದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸಾಕ್ಷಿ. ತೀವ್ರ ಹಂತದ ಆರೈಕೆ ಮುಗಿಸಿದ 441 ಜನರಲ್ಲಿ ಒಂದು ಗುಂಪಿಗೆ ಚೇತರಿಕೆಯ ಕೈಪಿಡಿಯನ್ನು ಅಂಚೆಯಲ್ಲಿ ಕಳಿಸಲಾಯಿತು. ಇನ್ನೊಂದು ಗುಂಪಿನವರೊಂದಿಗೆ ಸಮಾನಾನುಭವಿಯೊಬ್ಬರು ಕುಳಿತು ಅದೇ ಕೈಪಿಡಿಯನ್ನು ತುಂಬಿಸಿದರು. ಒಂದು ವರ್ಷದೊಳಗೆ ಮತ್ತೆ ತೀವ್ರ ಆರೈಕೆಗೆ ದಾಖಲಾದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 29. ಪುಸ್ತಕ ಒಂದೇ, ಜೊತೆಗೆ ಕುಳಿತ ಮನುಷ್ಯನಿಂದಾದ ವ್ಯತ್ಯಾಸವಿದು. ಆದರೆ ಎಲ್ಲ ಅಧ್ಯಯನಗಳ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. 11 ಪ್ರಯೋಗಗಳನ್ನು ಪರಿಶೀಲಿಸಿದ 2013ರ ಕಾಕ್ರೇನ್ ವಿಮರ್ಶೆಯು, ಇಂಥ ಪಾತ್ರಗಳಲ್ಲಿ ಸಮಾನಾನುಭವಿಗಳು ವೃತ್ತಿಪರರಿಗಿಂತ ಮೇಲೂ ಅಲ್ಲ, ಕೀಳೂ ಅಲ್ಲ ಎಂಬ ನಿಲುವಿಗೆ ಬಂತು.

ಇಂಥ ಪ್ರಯೋಗಗಳು ಮುಖ್ಯವಾಗಿ ಅಳೆಯುವುದು ಒಡನಾಟದ ಫಲವನ್ನು. ಹಕ್ಕೊತ್ತಾಯದ ಗತಿಯೇನು? ಆಸ್ಪತ್ರೆಯಿಂದ ಸಂಬಳ ಪಡೆದು, ಅಲ್ಲಿನವರ ಮೇಲ್ವಿಚಾರಣೆಯಲ್ಲಿ, ಅಲ್ಲಿನ ಕಡತದಲ್ಲೇ ಟಿಪ್ಪಣಿ ಬರೆಯುವವರು ಅದೇ ಆಸ್ಪತ್ರೆಯ ಬಲವಂತದ ದಾಖಲಾತಿಯನ್ನು ಪ್ರಶ್ನಿಸುವುದು ಸುಲಭವಲ್ಲ. ಜಾರ್ಜಿಯಾ ಇದಕ್ಕೊಂದು ದಾರಿಯನ್ನೂ ತೋರಿಸಿದೆ. ಅಲ್ಲಿನ ರೋಗಾನುಭವಿಗಳ ಸ್ವತಂತ್ರ ಸಂಘಟನೆ 2008ರಲ್ಲಿ ಡಿಕೇಟರ್ ಊರಿನಲ್ಲಿ ಕೇಂದ್ರವೊಂದನ್ನು ತೆರೆಯಿತು. ಮನಸ್ಸು ಕೈಮೀರುವಂತಾದಾಗ ಕೆಲವು ರಾತ್ರಿ ಅಲ್ಲಿ ತಂಗಬಹುದು. ಹಣ ಸರ್ಕಾರದ್ದು, ಆಡಳಿತ ಸಮಾನಾನುಭವಿಗಳದ್ದು.

ಭಾರತದ ಕಾಯ್ದೆ ಮತ್ತು ಕುಟುಂಬ

ನಮ್ಮಲ್ಲಿ ಆರೈಕೆಯ ಭಾರ ಹೊತ್ತಿರುವುದು ಕುಟುಂಬ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಮನೆಯವರೂ ರೋಗಿಯ ಜೊತೆ ಉಳಿಯಲೆಂದು ಡೇರೆಗಳನ್ನು ಹಾಕಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ವಾರ್ಡುಗಳ ಪರಂಪರೆ ಬೆಳೆಯಿತು. ಇದು ಭಾರತೀಯ ಮನೋವೈದ್ಯದ ಹೆಮ್ಮೆಯ ಅಧ್ಯಾಯ. ಆದರೂ ಆಸ್ತಿ, ಮದುವೆ, ದಾಖಲಾತಿಯಂಥ ಪ್ರಶ್ನೆಗಳು ಎದುರಾದಾಗ ಮನೆಯವರ ಹಿತ ಮತ್ತು ರೋಗಿಯ ಇಚ್ಛೆ ಬೇರೆಬೇರೆಯಾಗಬಹುದು.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಈ ಬಿಕ್ಕಟ್ಟು ಕಾಣುತ್ತದೆ. 46ನೇ ಕಲಮು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ರೋಗಾನುಭವಿಗಳಿಗೂ ಆರೈಕೆದಾರರಿಗೂ ಪ್ರತ್ಯೇಕ ಪ್ರಾತಿನಿಧ್ಯ ಕೊಡುತ್ತದೆ. ಆದರೆ ರೋಗಿಯ ಅಹವಾಲು ನೇರವಾಗಿ ತಲುಪುವ ಪುನರ್‌ಪರಿಶೀಲನಾ ಮಂಡಳಿಯಲ್ಲಿ, 74ನೇ ಕಲಮಿನ ಪ್ರಕಾರ, ರೋಗಾನುಭವಿಗಳು, ಆರೈಕೆದಾರರು, ಸ್ವಯಂಸೇವಾ ಸಂಸ್ಥೆಗಳು ಎಲ್ಲರಿಗೂ ಸೇರಿ ಇರುವುದು ಎರಡೇ ಸ್ಥಾನ. ಇಬ್ಬರೂ ಆರೈಕೆದಾರರಾದರೆ ಕಾನೂನಿಗೆ ಚ್ಯುತಿಯಿಲ್ಲ. 89ನೇ ಕಲಮಿನಡಿ ರೋಗಿಯನ್ನು ದಾಖಲಿಸಲು ಅರ್ಜಿ ಹಾಕುವವರು ನಾಮನಿರ್ದೇಶಿತ ಪ್ರತಿನಿಧಿ. ರೋಗಿ ಯಾರನ್ನೂ ಹೆಸರಿಸದಿದ್ದರೆ ಆ ಅಧಿಕಾರ ಮೊದಲು ಸೇರುವುದು ಸಂಬಂಧಿಕರಿಗೆ. ಸಂಬಂಧಿಕರು ಮಾಡಿಸಿದ ದಾಖಲಾತಿಯ ವಿರುದ್ಧ ದೂರು ಕೇಳುವ ಮಂಡಳಿಯಲ್ಲಿ ರೋಗಾನುಭವಿಯೊಬ್ಬರೂ ಇಲ್ಲದಿರುವ ಸ್ಥಿತಿ ಹೀಗೆ ಬರಬಹುದು.

ಸಮಾನಾನುಭವಿಯ ನೆರವು ಬೇಕಾಗುವುದು ಇಲ್ಲಿಯೇ. 14ನೇ ಕಲಮಿನಂತೆ ಯಾವುದೇ ವಯಸ್ಕರು ಸಾದಾ ಕಾಗದದ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ, ತಮಗೆ ನಂಬಿಕೆಯಿರುವವರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಆರೋಗ್ಯ ಚೆನ್ನಾಗಿರುವಾಗಲೇ ಇದನ್ನು ಬರೆದಿಡು ಎಂದು ಹೇಳಲು, ಆ ದಾರಿಯಲ್ಲಿ ನಡೆದು ಬಂದವರಿಗಿಂತ ಅರ್ಹರು ಬೇರೆ ಯಾರು?

ಕರ್ನಾಟಕದ ಸಾಧ್ಯತೆ

ಕರ್ನಾಟಕಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ವಿಕಲಚೇತನರನ್ನೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸುವ ಪದ್ಧತಿ ಇಲ್ಲಿದೆ. ಗುರುತಿನ ಚೀಟಿ, ಮಾಸಾಶನ, ಬಸ್ ಪಾಸುಗಳ ಅರ್ಜಿಗೆ ಜನ ಮೊದಲು ಹುಡುಕುವುದು ಇವರನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಒಳಗೊಂಡಿರುವುದರಿಂದ ಈ ಪದ್ಧತಿಯನ್ನು ವಿಸ್ತರಿಸುವುದು ನ್ಯಾಯಸಮ್ಮತ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಚಿಕಿತ್ಸಾಲಯಗಳು ಅದಕ್ಕೆ ಸಿದ್ಧ ವೇದಿಕೆ. ಮಾತ್ರೆಯಿಂದ ಕೈ ನಡುಗಿದರೆ ವೈದ್ಯರಿಗೆ ಹೇಗೆ ಹೇಳುವುದು, ಕೆಲಸದ ಸಂದರ್ಶನದಲ್ಲಿ ಕಾಯಿಲೆಯ ವರ್ಷಗಳ ಬಗ್ಗೆ ಏನು ಹೇಳುವುದು ಎಂಬ ಪ್ರಶ್ನೆಗಳಿಗೆ ಅಲ್ಲಿ ಅನುಭವದ ಉತ್ತರ ಸಿಗಬೇಕು.

ಉಪಸಂಹಾರ

ಈ ಚರ್ಚೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಸಮಾನಾನುಭವಿಗಳ ದುಡಿಮೆಗೆ ಸರ್ಕಾರ ಗೌರವಧನ ಕೊಡಬೇಕು. ಸೇವೆಯ ಹೆಸರಲ್ಲಿ ಪುಕ್ಕಟೆ ದುಡಿಸಬಾರದು. ಅವರು ಉತ್ತರ ಹೇಳಬೇಕಾದುದು ತಮ್ಮದೇ ಸಂಘಕ್ಕೆ, ಆಸ್ಪತ್ರೆಯ ಮೇಲಧಿಕಾರಿಗಲ್ಲ. ಪ್ರತಿ ಪುನರ್‌ಪರಿಶೀಲನಾ ಮಂಡಳಿಯಲ್ಲೂ ಒಂದು ಸ್ಥಾನಕ್ಕೆ ರೋಗಾನುಭವಿಯನ್ನೇ ನೇಮಿಸಬೇಕು. ಕಾಯ್ದೆಯ ಈಗಿನ ಪಠ್ಯ ಇದಕ್ಕೆ ಅಡ್ಡಿಯಾಗಿಲ್ಲ. ನೇಮಕ ಮಾಡುವವರು ಮನಸ್ಸು ಮಾಡಿದರೆ ತಿದ್ದುಪಡಿಗೆ ಕಾಯದೆ ಇದನ್ನು ಜಾರಿಗೆ ತರಬಹುದು.