ಶೌಚಗೃಹದ ನಿರ್ಮಾಣವೂ ಗೃಹಿಣಿಯ ಅಧಿಕಾರವೂ

ಗ್ರಾಮಾಂತರದ ಮನೆಗಳಲ್ಲಿ ಶೌಚಗೃಹವಿಲ್ಲದಿದ್ದುದಕ್ಕೆ ಬಡತನವೇ ಕಾರಣವೆಂದು ಹೇಳುವ ವಾಡಿಕೆಯುಂಟು. ಇದು ಅರ್ಧಸತ್ಯವೇ ಹೊರತು ಪೂರ್ಣಸತ್ಯವಲ್ಲ. 2011ರ ಜನಗಣತಿಯಂತೆ ಭಾರತದ ಗ್ರಾಮಾಂತರದ ನೂರು ಕುಟುಂಬಗಳಲ್ಲಿ ಮನೆಯ ಆವರಣದೊಳಗೆ ಶೌಚಗೃಹವಿದ್ದವು ಸುಮಾರು 31 ಮಾತ್ರ. ದೂರದರ್ಶನ ಯಂತ್ರವಿದ್ದವಾದರೋ 33. ಆದುದರಿಂದ ಹಣವೆಷ್ಟಿತ್ತೆಂಬುದರ ಜೊತೆಗೆ, ಅದನ್ನು ಯಾವುದಕ್ಕೆ ವೆಚ್ಚಮಾಡಬೇಕೆಂದು ನಿರ್ಣಯಿಸಿದವರು ಯಾರೆಂಬುದನ್ನೂ ವಿಚಾರಿಸಬೇಕಾಗುತ್ತದೆ.

ಬೆಳಕು ಹರಿಯುವ ಮುನ್ನವೋ ಕತ್ತಲೆ ಕವಿದ ಮೇಲೆಯೋ ಬಯಲಿಗೆ ಹೋಗುವ ಕಷ್ಟವೂ, ಅದಕ್ಕಂಜಿ ಹಗಲೆಲ್ಲ ಅನ್ನಪಾನಗಳನ್ನು ಮಿತಗೊಳಿಸುವ ಕಷ್ಟವೂ ಹೆಂಗಸರ ಪಾಲಿಗೆ ಬಂದವು. ಹಣದ ಚೀಲವಾದರೋ ಬಹುಮಟ್ಟಿಗೆ ಯಜಮಾನನ ಕೈಯಲ್ಲಿತ್ತು. ಬೇಕೆನ್ನುವವರು ಒಬ್ಬರು, ಕಟ್ಟಿಸತಕ್ಕವರು ಮತ್ತೊಬ್ಬರು ಆದಲ್ಲಿ ಕಾರ್ಯವು ಮುಂದೆ ಬೀಳುವುದು ಸಹಜವೇ. 1986ರಲ್ಲಿ ಕೇಂದ್ರ ಸರ್ಕಾರವು ಗ್ರಾಮನೈರ್ಮಲ್ಯದ ಯೋಜನೆಯನ್ನು ಆರಂಭಿಸಿದಾಗ ಸ್ತ್ರೀಯರ ಮಾನರಕ್ಷಣೆಯನ್ನೂ ಅದರ ಉದ್ದೇಶಗಳಲ್ಲಿ ಸೇರಿಸಿತು. ಆದರೆ ಉದ್ದೇಶವು ಸ್ತ್ರೀಯರದಾದ ಮಾತ್ರಕ್ಕೆ ನಿರ್ಣಯವು ಅವರದಾಗಲಿಲ್ಲ.

ಈ ವಿಷಯದಲ್ಲಿ ಹರಿಯಾಣದ ನಿದರ್ಶನವು ಗಮನಾರ್ಹವಾದುದು. 2001ರ ಜನಗಣತಿಯಲ್ಲಿ ಅಲ್ಲಿ ಸಾವಿರ ಗಂಡಸರಿಗೆ 861 ಮಂದಿ ಹೆಂಗಸರಿದ್ದರು. ಕನ್ಯೆಯರು ದೊರೆಯುವುದು ದುರ್ಲಭವಾಗಿದ್ದಿತು. 2005ರಲ್ಲಿ ಅಲ್ಲಿಯ ಅಧಿಕಾರಿಗಳು, ಶೌಚಗೃಹವಿಲ್ಲದ ಮನೆಗೆ ಹೆಣ್ಣು ಕೊಡಬಾರದೆಂದು ಊರೂರಿನಲ್ಲಿ ಪ್ರಚಾರಮಾಡತೊಡಗಿದರು. ಇದರಿಂದ ವಿವಾಹಯೋಗ್ಯನಾದ ಮಗನಿದ್ದ ಮನೆಗಳಲ್ಲಿ ಶೌಚಗೃಹಗಳು ಶೇಕಡ 21ರಷ್ಟು ಅಧಿಕವಾದುವೆಂದೂ, ಹೆಂಗಸರ ಸಂಖ್ಯೆ ಕಡಮೆಯಿದ್ದಲ್ಲಿ ಈ ಪರಿಣಾಮವು ಇನ್ನೂ ಹೆಚ್ಚಾಯಿತೆಂದೂ ಅರ್ಥಶಾಸ್ತ್ರಜ್ಞ ಯಾನಿವ್ ಸ್ಟಾಪ್ನಿಟ್ಸ್ಕಿಯವರು 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದಾರೆ. ಗೃಹಿಣಿಯು ಕೇಳಿ ಪಡೆಯಲಾರದುದನ್ನು ಇನ್ನೂ ಮನೆಗೆ ಬಾರದ ಸೊಸೆಯು ಪಡೆದಳೆಂದಾಯಿತು.

ಆದರೂ ಇದನ್ನು ಸ್ತ್ರೀಸ್ವಾತಂತ್ರ್ಯದ ವಿಜಯವೆಂದು ಕರೆಯುವುದಕ್ಕೆ ಮುನ್ನ ಎರಡು ಮಾತುಗಳನ್ನು ನೆನೆಯಬೇಕು. ಹೆಣ್ಣಿನ ಬೆಲೆಯು ಏರಿದುದು ಹೆಣ್ಣುಶಿಶುಗಳನ್ನು ಹುಟ್ಟುವ ಮೊದಲೇ ಕಳೆದುಕೊಂಡ ನಾಡಿನಲ್ಲಿ. ಇರುವವರ ಮಾತಿಗೆ ಬಲ ಬಂದುದು ಇಲ್ಲವಾದವರ ದೆಸೆಯಿಂದ. ಎರಡನೆಯದಾಗಿ, ಸಂಬಂಧವನ್ನು ನಿಶ್ಚಯಿಸುವಾಗ ಷರತ್ತು ಹಾಕುವವರು ಸಾಮಾನ್ಯವಾಗಿ ಕನ್ಯೆಯ ಹಿರಿಯರೇ; ವಿವಾಹಾನಂತರ ಆ ಬಲವು ಅವಳಲ್ಲಿ ಉಳಿಯುವುದೆಂಬ ನಿಶ್ಚಯವಿಲ್ಲ. ನಲ್ಲಿಯಿಲ್ಲದ ಮನೆಯಲ್ಲಿ ಶೌಚಗೃಹಕ್ಕೆ ಬೇಕಾದ ನೀರನ್ನು ಹೊತ್ತು ತರುವುದೂ ಅವಳ ಪಾಲಿಗೇ ಬೀಳುತ್ತದೆ.

2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಅರ್ಹವಾದ ಗ್ರಾಮಾಂತರದ ಕುಟುಂಬಕ್ಕೆ 12,000 ರೂಪಾಯಿಗಳ ಸಹಾಯವನ್ನು ಗೊತ್ತುಮಾಡಿ ವೆಚ್ಚದ ಭಾರವನ್ನು ಇಳಿಸಿತು. ಧನಸಹಾಯದಿಂದ ಗೋಡೆಯೇಳಬಹುದು, ಮನೆಯ ಲೆಕ್ಕದಲ್ಲಿ ಗೃಹಿಣಿಯ ಮಾತಿಗೆ ಸ್ಥಾನ ದೊರೆಯುವುದು ಬೇರೆಯೇ ಕಾರ್ಯ. ನೈರ್ಮಲ್ಯದ ಚರಿತ್ರೆಯನ್ನು ಬರೆಯುವವರು ಇವೆರಡನ್ನೂ ಒಂದೇ ಎಂದೆಣಿಸಲಾಗದು.