ಕೈಗಾರಿಕಾ ಪಾರ್ಕಿನ ರಸ್ತೆ: ಡಾಮರು ಹಾಕುವ ಮೊದಲು ಮಾಡಬೇಕಾದ ಲೆಕ್ಕ

ಸೀತಾಂಗೋಳಿಯ ಕಿನ್‌ಫ್ರಾ ಪಾರ್ಕ್ ಇರಲಿ, ಕುಂಬಳೆ ಸಮೀಪದ ಅನಂತಪುರ ಇರಲಿ, ಗಡಿಯ ಆಚೆ ಬೈಕಂಪಾಡಿ ಇರಲಿ, ಇಂತಹ ಕಡೆಯ ಒಳರಸ್ತೆ ಊರಿನ ರಸ್ತೆಯ ಹಾಗಲ್ಲ. ಬೆಳಗ್ಗೆ ಕೆಲಸಕ್ಕೆ ಬರುವವರ ಬೈಕು, ಸ್ಕೂಟರ್. ಆಮೇಲೆ ದಿನವಿಡೀ ಲೋಡು ಲಾರಿ. ಅದೂ ನೇರ ಹೋಗುವುದಲ್ಲ. ಗೇಟಿನ ಎದುರು ನಿಂತು, ರಿವರ್ಸ್ ತೆಗೆದು, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುತ್ತದೆ. ರಸ್ತೆ ಮೊದಲು ಏಳುವುದು ಅಲ್ಲೇ. ಹೊಂಡಕ್ಕೆ ಜಲ್ಲಿ ಸುರಿದು ಮೇಲೆ ಡಾಮರು ಬಳಿದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಹೊಂಡ. ಮಳೆನೀರು ತುಂಬಿದ ಆ ಹೊಂಡದ ಆಳ ಗೊತ್ತಾಗದೆ ಬೀಳುವವರು ಬೈಕಿನವರು.

ಭಾರದ ಲೆಕ್ಕ ಒಮ್ಮೆ ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ ಪರೀಕ್ಷಾ ರಸ್ತೆಗಳ ಮೇಲೆ ಲಾರಿ ಓಡಿಸಿ ನೋಡಿದರು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಎಂದು ಕಂಡುಬಂತು. ಇದಕ್ಕೆ ನಾಲ್ಕನೇ ಘಾತದ ನಿಯಮ ಎನ್ನುತ್ತಾರೆ. ನಮ್ಮಲ್ಲಿ 2018ರಲ್ಲಿ ನಾಲ್ಕು ಟಯರಿನ ಒಂಟಿ ಆಕ್ಸಲ್‌ನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಭಾರ ಹೆಚ್ಚಿದ್ದು ಶೇ. 13ರಷ್ಟು, ಅದೇ ನಿಯಮದಲ್ಲಿ ಲೆಕ್ಕ ಹಾಕಿದರೆ ಹಾನಿ ಹೆಚ್ಚಿದ್ದು ಶೇ. 60ರಷ್ಟು. ಹಾಗಾಗಿ ಪಾರ್ಕಿನ ಗೇಟಿನಲ್ಲಿ ಒಂದು ವಾರ ಯಾರನ್ನಾದರೂ ಕೂರಿಸಿ ಲಾರಿ ಎಷ್ಟು, ಎಷ್ಟು ಆಕ್ಸಲಿನದ್ದು, ಯಾವ ರಸ್ತೆಗೆ ತಿರುಗುತ್ತದೆ ಎಂದು ಬರೆಸಿಕೊಳ್ಳುವುದು ಯೋಜನೆಯ ಮೊದಲ ಕೆಲಸ. ಕಾರು, ಬೈಕು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಎರಡನೆಯದು ರಸ್ತೆಯನ್ನು ನಡೆದು ನೋಡುವುದು. ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿದ್ದರೆ ಪೆಟ್ಟು ಅಡಿಪಾಯದ ತನಕ ಹೋಗಿದೆ ಎಂದೇ ಅನುಮಾನಿಸಬೇಕು. ಮೇಲಿನ ಹುಡಿ ಮಾತ್ರ ಎದ್ದು ಜಲ್ಲಿ ಕಾಣುತ್ತಿದ್ದರೆ ರೋಗ ಮೇಲ್ಪದರದ್ದು. ಚಕ್ರ ಹೋಗುವ ಜಾಡು 20 ಮಿ.ಮೀ.ನಷ್ಟು ತಗ್ಗಾದರೆ ರಸ್ತೆ ಸೋತಿದೆ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವಿನ್ಯಾಸ ಸೂತ್ರ ಹೇಳುತ್ತದೆ. ಅನುಮಾನ ಇರುವಲ್ಲಿ ಬೆಂಕೆಲ್‌ಮನ್ ಬೀಮ್ ಪರೀಕ್ಷೆ ಮಾಡಿಸಬಹುದು. ಹಿಂದಿನ ಆಕ್ಸಲಿಗೆ 8,170 ಕೆ.ಜಿ. ಲೋಡು ಹಾಕಿದ ಲಾರಿಯನ್ನು ನಿಲ್ಲಿಸಿ, ಅದು ಮುಂದೆ ಹೋದಾಗ ರಸ್ತೆ ಎಷ್ಟು ಮೇಲೆದ್ದಿತು ಎಂದು ಅಳೆಯುವ ಸರಳ ವಿಧಾನ ಇದು. ಎರಡು ಮೂರು ಕಡೆ ಗುಂಡಿ ತೋಡಿ ಜಲ್ಲಿಯ ದಪ್ಪ, ಕೆಳಗಿನ ಮಣ್ಣು ನೋಡದೆ ಎಸ್ಟಿಮೇಟ್ ಮಾಡುವವರನ್ನು ನಂಬಬೇಡಿ.

ನೀರು ಮೊದಲು, ಡಾಮರು ಆಮೇಲೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ. ಅರ್ಧ ಪಾಲು ರಸ್ತೆ ಹಾಳಾಗುವುದು ಲಾರಿಯಿಂದಲ್ಲ, ಲಾರಿ ಮತ್ತು ನೀರು ಒಟ್ಟು ಸೇರುವುದರಿಂದ. ಮುರಕಲ್ಲಿನ ನೆಲ ಒಣಗಿದ್ದಾಗ ಗಟ್ಟಿ. ಅದರ ಮೇಲೆ ತುಂಬಿಸಿದ ಮಣ್ಣು ನೆನೆದರೆ ಬೇರೆ ಕತೆ. ಮಣ್ಣಿನ ಬಲ ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಲ್ಲಿ ನೆನೆಸುವುದು ಇದಕ್ಕೇ. ರಸ್ತೆಯ ನಡುವಿನಿಂದ ಬದಿಗೆ ಮೀಟರಿಗೆ ಸುಮಾರು 25 ಮಿ.ಮೀ. ಇಳಿಜಾರು ಇರಬೇಕು, ಬದಿಯ ಚರಂಡಿ ರಸ್ತೆಗಿಂತ ತಗ್ಗಿನಲ್ಲಿರಬೇಕು, ಅದರ ನೀರು ತೋಡಿಗೆ ಸೇರುವ ದಾರಿ ಇರಬೇಕು. ಪ್ರತಿ ಸಲ ಹಳೆಯದರ ಮೇಲೆ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ಏರಿ ಕಾರ್ಖಾನೆಯ ಅಂಗಳ ತಗ್ಗಾಗುತ್ತದೆ. ಮಳೆನೀರು ಗೋದಾಮಿಗೆ ನುಗ್ಗುತ್ತದೆ. ಅಂತಲ್ಲಿ ಮಿಲ್ಲಿಂಗ್ ಯಂತ್ರದಿಂದ ಹಳೆ ಪದರ ಕೆರೆದು ತೆಗೆದೇ ಹಾಕಬೇಕು.

ಹಣ ಕಡಿಮೆ ಇದ್ದಾಗ ಎಲ್ಲರೂ ಅತಿ ಕೆಟ್ಟ ರಸ್ತೆಯಿಂದ ಶುರು ಮಾಡಿ ಎನ್ನುತ್ತಾರೆ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಅಡಿಪಾಯ ಹೋದ ರಸ್ತೆಯನ್ನು ಈ ವರ್ಷ ಮಾಡಿದರೂ ಮುಂದಿನ ವರ್ಷ ಮಾಡಿದರೂ ಅಗೆದೇ ಮಾಡಬೇಕು. ಅಲ್ಲಿಯ ತನಕ ಹೊಂಡ ಮುಚ್ಚಿ ಬೈಕಿನವರಿಗೆ ಅಪಾಯ ಆಗದ ಹಾಗೆ ಇಟ್ಟರೆ ಸಾಕು. ಆದರೆ ಈಗಷ್ಟೇ ಬಿರುಕು ಬಿಡುತ್ತಿರುವ ರಸ್ತೆಗೆ ಈ ಬೇಸಿಗೆಯಲ್ಲಿ ಬಿರುಕು ಮುಚ್ಚಿ ತೆಳು ಪದರ ಹಾಕದಿದ್ದರೆ ಅದೂ ಕೆಟ್ಟವುಗಳ ಪಟ್ಟಿಗೆ ಸೇರುತ್ತದೆ.

ಗೇಟಿನ ಎದುರು, ತಿರುವು, ವೇಬ್ರಿಡ್ಜ್ ಇರುವಲ್ಲಿ ಡಾಮರು ಬೇಡ, ಕಾಂಕ್ರೀಟ್ ಒಳ್ಳೆಯದು. ಇಂಟರ್‌ಲಾಕ್ ಕೂಡ ಆಗುತ್ತದೆ, ಆದರೆ ಮನೆಯಂಗಳಕ್ಕೆ ಹಾಕುವ 60 ಮಿ.ಮೀ. ಕಲ್ಲು ಲಾರಿಗೆ ನಿಲ್ಲದು. ಬದಿಗೆ ಗಟ್ಟಿ ಕಾಂಕ್ರೀಟ್ ಅಂಚು ಇಲ್ಲದಿದ್ದರೆ ದಪ್ಪದ ಕಲ್ಲೂ ಜಾರುತ್ತದೆ.

ಸರ್ವೆ ಮಳೆ ನಿಂತ ಕೂಡಲೇ, ಅಕ್ಟೋಬರ್-ನವೆಂಬರಿನಲ್ಲಿ. ನೀರು ಎಲ್ಲಿ ನಿಂತಿತ್ತು ಎಂಬುದು ಆಗ ಎಲ್ಲರಿಗೂ ನೆನಪಿರುತ್ತದೆ. ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಅದಕ್ಕೂ ಮೊದಲು ನೀರಿನ ಪೈಪು, ಕೇಬಲ್ ಹಾಕುವವರನ್ನು ಕೂರಿಸಿ ಮಾತಾಡಿ. ಹೊಸ ರಸ್ತೆ ಅಗೆಯಲು ಅವರು ಬರುವುದು ಡಾಮರು ಆರಿದ ಮರುವಾರವೇ. ಅರ್ಧ ಅಗಲ ಮುಚ್ಚಿ ಅರ್ಧದಲ್ಲಿ ವಾಹನ ಬಿಡುವುದಾದರೆ ಯಾವ ದಿನ ಯಾವ ಗೇಟು ಬಂದ್ ಎಂಬ ಪಟ್ಟಿ ಎರಡು ವಾರ ಮೊದಲೇ ಪ್ರತಿ ಕಾರ್ಖಾನೆಗೂ ತಲುಪಬೇಕು. ಕಾಂಕ್ರೀಟ್ ಗಟ್ಟಿಯಾಗಲು 28 ದಿನದ ಲೆಕ್ಕ ಇರುವುದರಿಂದ ಒಂದೇ ಗೇಟಿನ ಕಾರ್ಖಾನೆಗೆ ತಾತ್ಕಾಲಿಕ ದಾರಿ ಬೇಕು.

ಕೆಲಸದ ದಿನ ಸಂಘದವರು ಒಂದು ಥರ್ಮಾಮೀಟರ್ ಹಿಡಿದು ನಿಂತರೂ ಉಪಕಾರ. ವಿಜಿ-30 ಡಾಮರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, 90ಕ್ಕೆ ಇಳಿಯುವ ಮೊದಲು ರೋಲರ್ ಓಡಿ ಮುಗಿಯಬೇಕು. ತಣ್ಣಗಾದ ಲೋಡನ್ನು ವಾಪಸ್ ಕಳಿಸಿ. ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ ಎಷ್ಟೆಂದು ಕರಾರಿನಲ್ಲಿ ನೋಡಿಟ್ಟು, ಮೊದಲ ಜೋರು ಮಳೆಯ ದಿನ ಛತ್ರಿ ಹಿಡಿದು ಒಂದು ಸುತ್ತು ಹೋಗಿ, ನೀರು ನಿಂತ ಪ್ರತಿ ಜಾಗದ ಫೋಟೋ ತೆಗೆದು ಅಂದೇ ಬರಹದಲ್ಲಿ ದೂರು ಕೊಡಿ.