ಒಂದೇ ಸೋರ್ಸ್ ಕೋಡ್, ಹಲವು ಪ್ಲಾಟ್‌ಫಾರ್ಮ್: ಫೋಲ್ಡರ್‌ಗಳನ್ನು ಜೋಡಿಸುವ ಬಗೆ

ನಿಪ್ಪಾಣಿ, ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಒಂದೇ ಮೊಬೈಲಿಗೆ ಕನ್ನಡದ ಸಂದೇಶವೂ ಬರುತ್ತದೆ, ಮರಾಠಿಯದೂ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಎರಡರ ಅಕ್ಷರಗಳನ್ನೂ ಸರಿಯಾಗಿ ಕೂಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲೂ ಅದೇ ಇದೆ. ಬೆಹದಾದ್ ಎಸ್ಫಹಬೋದ್ ಮುಂದಾಳಾಗಿ ಬೆಳೆಸಿದ ಇದರ ಸೋರ್ಸ್ ಕೋಡ್ ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲಕ್ಕೂ ಒಂದೇ. ಫೋಲ್ಡರ್‌ಗಳ ಜೋಡಣೆಯನ್ನು ಕಲಿಯಲು ಈ ಭಾಗದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಲಿಪಿಯ ಭೇದ, ಯಂತ್ರದ ಭೇದ

‘ಸೂರ್ಯ’ ಎಂದು ಬರೆದಾಗ ಕನ್ನಡದಲ್ಲಿ ಅರ್ಕಾವೊತ್ತು ಅಕ್ಷರದ ಬಲಕ್ಕೆ ನಿಲ್ಲುತ್ತದೆ. ಮರಾಠಿಯ ದೇವನಾಗರಿಯಲ್ಲಿ ಅದೇ ರಕಾರ ಅಕ್ಷರದ ತಲೆಯ ಮೇಲೇರುತ್ತದೆ. ಇದಕ್ಕಾಗಿ ಹಾರ್ಫ್‌ಬಜ್‌ನಲ್ಲಿ ಎರಡು ಫೋಲ್ಡರ್‌ಗಳಿಲ್ಲ. ಭಾರತೀಯ ಲಿಪಿಗಳಿಗೆಂದೇ ಇರುವ ಒಂದು ಫೈಲಿನೊಳಗೆ ಪುಟ್ಟ ಕೋಷ್ಟಕವಿದೆ. ಅದರಲ್ಲಿ ಕನ್ನಡಕ್ಕೊಂದು ಸಾಲು, ದೇವನಾಗರಿಗೊಂದು ಸಾಲು. ಉಳಿದ ತರ್ಕ ಬಹುಪಾಲು ಎರಡಕ್ಕೂ ಸೇರಿದ್ದು. ಒಂದು ಕಡೆ ತಿದ್ದಿದ ದೋಷ ಇನ್ನೊಂದು ಕಡೆ ಉಳಿದುಬಿಡುವ ಭಯವಿಲ್ಲ.

ಯಂತ್ರದ ಭೇದಕ್ಕೆ ಬೇರೆ ಉಪಾಯ. ವಿಂಡೋಸ್‌ನ ಡೈರೆಕ್ಟ್‌ರೈಟ್ ಜೊತೆ ಮಾತಾಡುವ ಕೋಡ್ ತನ್ನದೇ ಫೈಲಿನಲ್ಲಿದೆ, ಮ್ಯಾಕ್‌ನ ಕೋರ್‌ಟೆಕ್ಸ್ಟ್‌ನದು ಮತ್ತೊಂದರಲ್ಲಿ. ಯಾವುದು ಬೇಕೆಂದು ಬಿಲ್ಡ್ ಮಾಡುವ ಮುನ್ನವೇ ಆರಿಸಲಾಗುತ್ತದೆ. ಲಿನಕ್ಸ್ ಕರ್ನಲ್ ಇನ್ನೂ ದೊಡ್ಡದಾದ್ದರಿಂದ ಅಲ್ಲಿ ಪ್ರತಿ ಪ್ರೊಸೆಸರ್ ಬಗೆಗೂ ‘ಆರ್ಚ್’ ಫೋಲ್ಡರಿನಡಿ ಒಂದು ಉಪಫೋಲ್ಡರ್ ಉಂಟು. ಒಂದೇ ಫಂಕ್ಷನ್ ತುಂಬ ‘ವಿಂಡೋಸ್ ಆದರೆ ಹೀಗೆ, ಮ್ಯಾಕ್ ಆದರೆ ಹಾಗೆ’ ಎಂಬ ಷರತ್ತುಗಳನ್ನು ಚೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು. ಆರು ತಿಂಗಳ ನಂತರ ಓದುವವರು ಬದುಕಿಕೊಳ್ಳುತ್ತಾರೆ.

ಬಿಲ್ಡ್ ಫೋಲ್ಡರ್ ಬೇರೆಯೇ ಇರಬೇಕು

ಕಂಪೈಲರ್ ಹೊರಹಾಕುವ ಆಬ್ಜೆಕ್ಟ್ ಫೈಲುಗಳು ಆಯಾ ಪ್ಲಾಟ್‌ಫಾರ್ಮಿಗಷ್ಟೇ ಸಲ್ಲುತ್ತವೆ. ಅವು ಸೋರ್ಸ್ ಫೈಲುಗಳ ಮಧ್ಯೆಯೇ ಬಿದ್ದರೆ ಲಿನಕ್ಸ್‌ನದು, ವಿಂಡೋಸ್‌ನದು ಕಲಸಿಹೋಗಿ ಅರ್ಥವಾಗದ ಲಿಂಕರ್ ದೋಷಗಳು ಶುರುವಾಗುತ್ತವೆ. ಹಾರ್ಫ್‌ಬಜ್ ಬಳಸುವ ಮೆಸನ್ ಎಂಬ ಬಿಲ್ಡ್ ವ್ಯವಸ್ಥೆ ಸೋರ್ಸ್ ಫೋಲ್ಡರನ್ನೇ ಬಿಲ್ಡ್ ಫೋಲ್ಡರಾಗಿ ಬಳಸಲು ಒಪ್ಪುವುದೇ ಇಲ್ಲ. ಲಿನಕ್ಸಿಗೊಂದು, ವಿಂಡೋಸಿಗೊಂದು, ಡೀಬಗ್‌ಗೆ ಮತ್ತೊಂದು ಬಿಲ್ಡ್ ಫೋಲ್ಡರ್ ಮಾಡಿಕೊಳ್ಳಬಹುದು. ಸಂಶಯ ಬಂದರೆ ನಿಶ್ಚಿಂತೆಯಿಂದ ಅಳಿಸಿ ಮತ್ತೆ ಕಟ್ಟಬಹುದು. ಇವನ್ನು ಗಿಟ್‌ಗೆ ಸೇರಿಸಬಾರದು.

ಹೆಸರು ಮತ್ತು ಸಾಲಿನ ಕೊನೆ

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳು ಚಿಕ್ಕೋಡಿ, ನಿಪ್ಪಾಣಿಗಳಲ್ಲೂ ಇವೆ. ಮನೆಯ ವಿಂಡೋಸ್‌ನಲ್ಲಿ ಬರೆದ ಪ್ರಾಜೆಕ್ಟನ್ನು ಲಿನಕ್ಸ್‌ಗೆ ಒಯ್ಯುವ ವಿದ್ಯಾರ್ಥಿ ಮೊದಲು ಎಡವುವುದು ಫೈಲಿನ ಹೆಸರಿನಲ್ಲಿ. ಸಾಮಾನ್ಯವಾಗಿ ವಿಂಡೋಸ್ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ನೋಡುತ್ತದೆ, ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ಎಲ್ಲವೂ ಚಿಕ್ಕಕ್ಷರದಲ್ಲಿದ್ದು ಹೆಸರಿನ ನಡುವೆ ಖಾಲಿ ಜಾಗ ಇಲ್ಲದಿದ್ದರೆ ಅರ್ಧ ತೊಂದರೆ ತಪ್ಪಿತು. ವಿಂಡೋಸ್ ಬಗೆಯ ಸಾಲಿನ ಕೊನೆಯಿರುವ ಶೆಲ್ ಸ್ಕ್ರಿಪ್ಟ್ ಕೂಡ ಲಿನಕ್ಸ್‌ನಲ್ಲಿ ಓಡದು; ಗಿಟ್‌ನ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಇದಕ್ಕೊಂದು ನಿಯಮ ಬರೆದಿಡಬಹುದು.

ಟೆಸ್ಟ್ ಫೋಲ್ಡರ್

ಹಾರ್ಫ್‌ಬಜ್‌ನ ಟೆಸ್ಟ್ ಫೋಲ್ಡರಿನಲ್ಲಿ ಫಾಂಟುಗಳು, ಪಠ್ಯದ ತುಣುಕುಗಳು, ಅವು ಹೇಗೆ ಮೂಡಬೇಕೆಂಬ ಉತ್ತರಗಳು ಒಟ್ಟಿಗಿವೆ. ಯಾವ ಪ್ಲಾಟ್‌ಫಾರ್ಮಿನಲ್ಲಿ ಕಂಪೈಲ್ ಮಾಡಿದರೂ ಅದೇ ಉತ್ತರ ಬರಬೇಕು. ಒಂದರಲ್ಲಿ ಬದಲಾದರೂ ಟೆಸ್ಟ್ ಅಲ್ಲೇ ಕೆಂಪಾಗುತ್ತದೆ.